ಕೋಳಿಯ ವೈರಸ್ ನಮ್ಮ ಕಾವಲು ದಾಟಿದೆಯೇ? 627, 313ನೇ ಅಕ್ಷರ ನೋಡುವ ಬಗೆ

2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಏಳುವ ಪ್ರಶ್ನೆ ಒಂದೇ: ಇದು ಮನುಷ್ಯರಿಗೂ ಹತ್ತುತ್ತದೆಯೇ? ಉತ್ತರದ ಒಂದು ಪಾಲು ವೈರಸ್ಸಿನ ಪಿಬಿ2, ಎನ್‌ಪಿ ಎಂಬ ಎರಡು ಪ್ರೊಟೀನುಗಳಲ್ಲಿದೆ. ಪ್ರೊಟೀನ್ ಎಂದರೆ ಅಮೈನೋ ಆಮ್ಲಗಳ ಸರ; ಒಂದೊಂದು ಆಮ್ಲಕ್ಕೂ ಒಂದು ಇಂಗ್ಲಿಷ್ ಅಕ್ಷರ. ನಾವು ನೋಡಬೇಕಾದದ್ದು ಪಿಬಿ2ದ 627ನೇ, ಎನ್‌ಪಿಯ 313ನೇ ಅಕ್ಷರ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿ.ಎಸ್ಸಿ. ವಿದ್ಯಾರ್ಥಿಗಳು ಅದನ್ನು ಖರ್ಚಿಲ್ಲದೆ ಕಂಪ್ಯೂಟರಿನಲ್ಲಿ ನೋಡಬಹುದು.

ಮೊದಲು ಕಾವಲಿನ ಪರಿಚಯ. ವೈರಸ್ ತನ್ನ ನಕಲು ತೆಗೆಯಲು ಜೀವಕೋಶದ ಎಎನ್‌ಪಿ32ಎ ಪ್ರೊಟೀನಿನ ಆಸರೆ ಬೇಡುತ್ತದೆ. ಕೋಳಿಯದರಲ್ಲಿ 33 ಅಮೈನೋ ಆಮ್ಲಗಳ ಹೆಚ್ಚುವರಿ ತುಂಡಿದೆ (ತುಂಗಭದ್ರಾ ಅಣೆಕಟ್ಟೆಯ ಕ್ರೆಸ್ಟ್ ಗೇಟುಗಳೂ 33, ನೆನಪಿಡಲು ಸುಲಭ). ನಮ್ಮದರಲ್ಲಿ ಅದಿಲ್ಲ. ಕೋಳಿಗೆ ಒಗ್ಗಿದ ವೈರಸ್ಸಿನ ಪಿಬಿ2 ಪ್ರೊಟೀನ್ ನಮ್ಮ ಕೋಶದಲ್ಲಿ ತಡವರಿಸುತ್ತದೆ. ಇದು ಆಸರೆ ಸಿಗದೆ ಆಗುವ ತಡೆ. ನಮ್ಮದೇ ಇನ್ನೊಂದು ಪ್ರೊಟೀನ್ ಬಿಟಿಎನ್3ಎ3 ಬೇರೆ ಬಗೆಯ ಕಾವಲು: ನಮ್ಮ ಶ್ವಾಸನಾಳದ ಕೋಶಗಳಲ್ಲಿದ್ದು ಹಕ್ಕಿ ವೈರಸ್ಸನ್ನು ನೇರವಾಗಿ ಅಡ್ಡಗಟ್ಟುತ್ತದೆ ಎಂದು 2023ರಲ್ಲಿ ಗ್ಲಾಸ್ಗೋದ ಸಂಶೋಧಕರು ತೋರಿಸಿದರು. ಅದರ ಕಣ್ಣು ವೈರಸ್ಸಿನ ಎನ್‌ಪಿ ಪ್ರೊಟೀನಿನ ಮೇಲೆ.

ಜೀನ್, ಪ್ರೊಟೀನುಗಳ ಮಾಹಿತಿ ಉಚಿತವಾಗಿ ಸಿಗುವ ಎನ್‌ಸಿಬಿಐ ಜಾಲತಾಣದಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ಸಿನ ಪಿಬಿ2, ಎನ್‌ಪಿ ಪ್ರೊಟೀನುಗಳನ್ನು ಹುಡುಕಿರಿ. ಪಿಬಿ2 ಪೂರ್ತಿ ಉದ್ದ 759 ಅಕ್ಷರ, ಎನ್‌ಪಿ 498. ಕಡಿಮೆ ಇದ್ದರೆ ಬಿಟ್ಟುಬಿಡಿ; ಮುಂದಿನ ತುದಿ ತುಂಡಾಗಿದ್ದರೆ ಎಣಿಕೆಯೇ ಕೆಡುತ್ತದೆ.

ಫಾಸ್ಟಾ ರೂಪದಲ್ಲಿ (ಮೇಲೊಂದು ಹೆಸರಿನ ತಲೆಸಾಲು, ಕೆಳಗೆ ಬರೀ ಅಕ್ಷರಗಳು) ತೆರೆದರೆ ಸಾಲಿಗೆ 70 ಅಕ್ಷರ. ತಲೆಸಾಲು ಬಿಟ್ಟು ಎಣಿಸಿರಿ: ಪಿಬಿ2ದಲ್ಲಿ 9ನೇ ಸಾಲಿನ 67ನೇ ಅಕ್ಷರವೇ 627. ಎನ್‌ಪಿಯಲ್ಲಿ 5ನೇ ಸಾಲಿನ 33ನೆಯದು 313. ಮೊಬೈಲಿನ ಪರದೆ ಸಾಲುಗಳನ್ನು ಮುರಿದು ತೋರಿಸುತ್ತದೆ, ಹೆಚ್ಚಿನ ತಪ್ಪು ಆಗುವುದು ಅಲ್ಲೇ. ಯುನಿಪ್ರಾಟ್ ಎಂಬ ಇನ್ನೊಂದು ಪ್ರೊಟೀನ್ ತಾಣದ ಫಾಸ್ಟಾದಲ್ಲಿ ಸಾಲಿಗೆ 60 ಮಾತ್ರ, ಅಲ್ಲಿ 627 ಎಂದರೆ 11ನೇ ಸಾಲಿನ 27ನೆಯದು.

627ರಲ್ಲಿ 'ಇ' (ಗ್ಲುಟಮಿಕ್ ಆಮ್ಲ) ಇದ್ದರೆ ಹಕ್ಕಿಯ ಗುರುತು, 'ಕೆ' (ಲೈಸೀನ್) ಇದ್ದರೆ ಸಸ್ತನಿಗೆ ಒಗ್ಗಿದ ಗುರುತು. 313ರಲ್ಲಿ 'ಎಫ್' (ಫಿನೈಲಲನೀನ್) ಇದ್ದರೆ ಬಿಟಿಎನ್3ಎ3 ಸಾಮಾನ್ಯವಾಗಿ ತಡೆಯುತ್ತದೆ. 'ವೈ' ಅಥವಾ 'ವಿ' ಬಂದರೆ ತಪ್ಪಿಸಿಕೊಳ್ಳುತ್ತದೆ. ಎಫ್ ಕಂಡ ಕೂಡಲೇ ನಿರಾಳವಾಗಬೇಡಿ, ಎನ್‌ಪಿಯ 52ನೇ ಜಾಗದ ಬದಲಾವಣೆಯಿಂದಲೂ ಪಾರಾಗುವ ದಾರಿಯುಂಟು.

ನಿಮ್ಮ ಎಣಿಕೆ ಸರಿಯೇ ಎಂದು ತಿಳಿಯಲು 1934ರ ಪೋರ್ಟೊ ರಿಕೊ 8 ತಳಿಯನ್ನು ಮೊದಲು ನೋಡಿರಿ. ಅದು ಮನುಷ್ಯರ ಫ್ಲೂ ವೈರಸ್. 627ರಲ್ಲಿ ಕೆ, 313ರಲ್ಲಿ ವೈ ಸಿಗಬೇಕು. ಸಿಗದಿದ್ದರೆ ಕೋಳಿಯ ವೈರಸ್ಸಿಗೆ ಕೈ ಹಾಕಬೇಡಿ, ಮತ್ತೆ ಎಣಿಸಿರಿ.

ಆಮೇಲೆ 2009ರ ಕ್ಯಾಲಿಫೋರ್ನಿಯಾ ಎಚ್1ಎನ್1 (ಹಂದಿಜ್ವರದ ವೈರಸ್) ತೆಗೆಯಿರಿ. 627ರಲ್ಲಿ ಹಕ್ಕಿಯ 'ಇ'ಯೇ ಇದೆ! ಆದರೂ ಅದು ಜಗತ್ತನ್ನೆಲ್ಲ ಸುತ್ತಿತು. ಪಿಬಿ2ದ 590, 591ನೇ ಜಾಗಗಳ (9ನೇ ಸಾಲಿನ 30, 31) ಬದಲಾವಣೆ ಆ ಕೊರತೆ ತುಂಬಿತ್ತು, 313ರಲ್ಲಿ 'ವಿ' ಇತ್ತು. ಒಂದೇ ಅಕ್ಷರ ನೋಡಿ 'ಅಪಾಯವಿಲ್ಲ' ಎಂದು ಬರೆಯುವುದು ದೊಡ್ಡ ತಪ್ಪು. ಕೋಶದೊಳಗೆ ನುಗ್ಗಲು ಬೇಕಾದ ಹಿಮಾಗ್ಲುಟಿನಿನ್ ಪ್ರೊಟೀನಿನ ಲೆಕ್ಕವೇ ಬೇರೆ.

ಅಕ್ಷರ ಏನೇ ಇರಲಿ, ಹಿತ್ತಲಲ್ಲಿ ಕೋಳಿಗಳು ಒಟ್ಟಿಗೆ ಸತ್ತರೆ ಬರಿಗೈಲಿ ಮುಟ್ಟಬೇಡಿ, ಕಾಲುವೆಗೆ ಎಸೆಯಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ಹೇಳಿರಿ. ಮಾದರಿ ಅವರೇ ತೆಗೆಯುತ್ತಾರೆ. ಖಚಿತ ಪರೀಕ್ಷೆ ನಡೆಯುವುದು ಭೋಪಾಲದ ಪ್ರಯೋಗಾಲಯದಲ್ಲಿ.