ಟರಾಂಟುಲಾ ಬಿಲ ಮುಚ್ಚಿಕೊಂಡರೆ ಗಾಬರಿ ಬೇಡ

ಮಣ್ಣು ಒಣಗದಂತೆ ನೋಡಿಕೊಳ್ಳಿ, ದಿನಾ ನೀರು ಚಿಮುಕಿಸಿ. ಮೈತುಂಬ ಕೂದಲಿನ ದೊಡ್ಡ ಜೇಡ ಟರಾಂಟುಲಾ ಸಾಕುವವರಿಗೆ ಸಿಗುವ ಸಲಹೆ ಹೆಚ್ಚಾಗಿ ಇದೇ. ಮಡಿಕೇರಿ, ಸೋಮವಾರಪೇಟೆ ಕಡೆಯವರು ಜುಲೈನಲ್ಲಿ ಇದನ್ನು ಪಾಲಿಸಿದರೆ ಜೇಡ ಉಳಿಯುವುದು ಕಷ್ಟ. ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಕಕ್ಕಡ ತಿಂಗಳ ಮಳೆಯಲ್ಲಿ ಜೇಡದ ಡಬ್ಬಿಗೆ ಗಾಳಿ ಆಡುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಹೊಸಬರು ಸಾಮಾನ್ಯವಾಗಿ ಸಾಕುವುದು ಚಿಲಿಯನ್ ರೋಸ್ ಅಥವಾ ಮೆಕ್ಸಿಕೋದ ರೆಡ್ ನೀ ಎಂಬ ಜಾತಿ. ಎರಡೂ ಒಣ ಕುರುಚಲು ನೆಲದವು, ಎರಡೂ ಬಹಳ ನಿಧಾನವಾಗಿ ಬೆಳೆಯುತ್ತವೆ. ಉಗುರಿನಷ್ಟು ಚಿಕ್ಕ ಮರಿ ದೊಡ್ಡದಾಗಲು ವರ್ಷಗಳೇ ಬೇಕು. ಹೆಣ್ಣು 20 ವರ್ಷ ಬದುಕುವುದುಂಟು. ರೆಡ್ ನೀ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ ಪಟ್ಟಿಯಲ್ಲಿ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ಹತ್ತಿರ ಕಾಗದ ಇಲ್ಲದಿದ್ದರೆ ಕೊಳ್ಳಲೇಬೇಡಿ. ತೋಟದ ಮರದ ಪೊಟರೆಯಲ್ಲಿ ಕಂಡದ್ದನ್ನು ಹಿಡಿದು ತರುವುದಂತೂ ಬೇಡವೇ ಬೇಡ. ಪಶ್ಚಿಮ ಘಟ್ಟದ ಪೊಸಿಲೋಥೇರಿಯಾ ಜೇಡಗಳು ಪೊಟರೆಯಲ್ಲೇ ಇರುತ್ತವೆ. 2019ರಿಂದ ಅವೂ ಸೈಟಿಸ್ ಪಟ್ಟಿಯಲ್ಲಿವೆ. ಕಚ್ಚಿದರೆ ಸ್ನಾಯು ಹಿಡಿದುಕೊಂಡು ಒದ್ದಾಡಬೇಕಾಗುತ್ತದೆ.

ಮೊದಲು ಮಣ್ಣು. ತೋಟದ ಮಣ್ಣು ಬೇಡ. ಬೋರ್ಡೋ ದ್ರಾವಣ, ಕೀಟನಾಶಕ ಏನೇನು ಬಿದ್ದಿದೆಯೋ ಯಾರಿಗೆ ಗೊತ್ತು! ಮೆಣಸಿನ ಬಳ್ಳಿಯ ನರ್ಸರಿಗೆ ತರುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು, ಹಿಂಡಿ, ಬಿಸಿಲು ಸಿಕ್ಕ ದಿನ ಒಣಗಿಸಿ. ಸ್ವಲ್ಪ ತೇವ ಇರುವಾಗಲೇ ಡಬ್ಬಿಗೆ ತುಂಬಿ ಕೈಯಿಂದ ಚೆನ್ನಾಗಿ ಒತ್ತಿ. ಸಡಿಲ ಮಣ್ಣಿನಲ್ಲಿ ಬಿಲ ನಿಲ್ಲುವುದಿಲ್ಲ. ಆಳ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಆದರೆ ಮಣ್ಣಿನಿಂದ ಮುಚ್ಚಳಕ್ಕೆ ಎತ್ತರ ಕಡಿಮೆ ಇರಲಿ. ಗೋಡೆ ಹತ್ತಿ ಬಿದ್ದರೆ ಜೇಡದ ಹೊಟ್ಟೆ ಒಡೆದುಹೋಗಬಹುದು. ಡಬ್ಬಿಯ ಎರಡು ಎದುರುಬದುರು ಗೋಡೆಗಳಲ್ಲೂ ಗಾಳಿಗೆ ಸಣ್ಣ ತೂತುಗಳಿರಬೇಕು. ಮುಚ್ಚಳದಲ್ಲಿ ಮಾತ್ರ ಇದ್ದರೆ ಮಳೆಗಾಲಕ್ಕೆ ಸಾಲದು.

ಇನ್ನು ಬಿಲ ನೋಡುವ ಉಪಾಯ. ಪಾರದರ್ಶಕ ಗೋಡೆಗೆ ಒತ್ತಿಕೊಂಡಂತೆ ಬೆರಳಿನಿಂದ ಓರೆಯಾಗಿ ಒಂದು ತೂತು ಮಾಡಿಬಿಡಿ. ಬಹಳಷ್ಟು ಸಲ ಜೇಡ ಅದನ್ನೇ ಹಿಡಿದು ಮುಂದಕ್ಕೆ ತೋಡುತ್ತದೆ, ಬಿಲದ ಒಂದು ಬದಿ ನಿಮಗೆ ಕಾಣುತ್ತದೆ. ಹೊರಗಿನಿಂದ ಕಪ್ಪು ಕಾಗದ ಅಂಟಿಸಿ, ನೋಡುವಾಗ ಮಾತ್ರ ಎತ್ತಿ. ಹಗಲು ಕಾದು ಕೂರುವುದು ದಂಡ. ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಮಂದ ಕೆಂಪು ಬೆಳಕಿನಲ್ಲಿ ನೋಡಿ. ಮೇಜು ಅಲುಗಿಸಬೇಡಿ, ಕಾಲಿನ ಕೂದಲಿಂದಲೇ ಅದಕ್ಕೆ ಎಲ್ಲ ಗೊತ್ತಾಗುತ್ತದೆ. ಕೋರೆಹಲ್ಲಿನಿಂದ ಮಣ್ಣು ಕೆದಕಿ, ಬಾಯಿಯ ಪಕ್ಕದ ಎರಡು ಪುಟ್ಟ ಕೈಗಳಲ್ಲಿ ಒಟ್ಟುಮಾಡಿ, ರೇಷ್ಮೆ ಎಳೆಯಿಂದ ಬಿಗಿದು ಉಂಡೆ ಮಾಡುತ್ತದೆ. ಆ ಉಂಡೆಯನ್ನು ಮೇಲೆ ತಂದು ಇಳಿಸಿ ಮತ್ತೆ ಒಳಗೆ. ಸುಮ್ನೆ ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ತೋಡದೆ ಮೇಲೇ ಕುಳಿತಿರುವ ಜೇಡವೂ ಇದೆ. ಅದರ ಇಷ್ಟ.

ಪೊರೆ ಬಿಡುವ ಕಾಲ

ಒಂದು ದಿನ ಬಿಲದ ಬಾಯಿ ಮಣ್ಣು, ರೇಷ್ಮೆಯಿಂದ ಮುಚ್ಚಿಹೋಗಿರುತ್ತದೆ. ಅದಕ್ಕೂ ಮುಂಚೆ ಊಟ ಬಿಟ್ಟಿರುತ್ತದೆ, ಬಣ್ಣ ಮಾಸಿರುತ್ತದೆ. ಹೊಟ್ಟೆಯ ಮೇಲೆ ಕೂದಲು ಉದುರಿದ ಜಾಗ ಇದ್ದರೆ ಅದು ಕಪ್ಪಾಗುತ್ತದೆ. ಪೊರೆ ಬಿಡಲು ಹೊರಟಿದೆ ಎಂದೇ ಅರ್ಥ. ಮರಿಗಳು ವರ್ಷದಲ್ಲಿ ಹಲವು ಸಲ ಬಿಡುತ್ತವೆ. ದೊಡ್ಡದಕ್ಕೆ ವರ್ಷ, ಎರಡು ವರ್ಷಕ್ಕೊಮ್ಮೆ. ಚಿಲಿಯನ್ ರೋಸ್ ಅಂತೂ ಪೊರೆಯ ನೆಪವೇ ಇಲ್ಲದೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು.

ಈ ಹೊತ್ತಿನಲ್ಲಿ ಮೂರು ಕೆಲಸ ಮಾಡಿ. ಡಬ್ಬಿಯಲ್ಲಿ ಉಳಿದ ಜಿರಳೆ, ಮಿಡತೆ ತೆಗೆಯಿರಿ, ಇಲ್ಲದಿದ್ದರೆ ಮೆತ್ತಗಿರುವ ಜೇಡವನ್ನೇ ಅವು ಕಡಿಯುತ್ತವೆ. ನೀರಿನ ಬಟ್ಟಲು ತುಂಬಿಡಿ. ಇರುವೆ ಬಾರದಂತೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಒಂದು ಇಟ್ಟಿಗೆಯ ಮೇಲೆ ಕೂರಿಸಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಲೇಬಾರದು, ಅದರ ಹೊಗೆ ಜೇಡಕ್ಕೂ ವಿಷವೇ.

ಪೊರೆ ಬಿಡುವಾಗ ಅದು ರೇಷ್ಮೆಯ ಚಾಪೆ ಹಾಸಿ ಬೆನ್ನ ಮೇಲೆ ಮಲಗುತ್ತದೆ. ಸತ್ತಿತು ಎಂದು ಎತ್ತಿ ಬಿಸಾಡಿದವರಿದ್ದಾರೆ! ಸತ್ತ ಜೇಡ ಸಾಮಾನ್ಯವಾಗಿ ಹೊಟ್ಟೆ ಕೆಳಗಾಗಿ, ಕಾಲುಗಳನ್ನು ಒಳಕ್ಕೆ ಮುದುಡಿಕೊಂಡಿರುತ್ತದೆ. ಮಲಗಿದ ಜೇಡ ಹೊಟ್ಟೆಯ ದ್ರವವನ್ನು ಮುಂಭಾಗಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಬೆನ್ನಿನ ಚಿಪ್ಪು ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಆಮೇಲೆ ಎಂಟೂ ಕಾಲುಗಳನ್ನು ಒಂದಿಷ್ಟಿಷ್ಟೇ ಎಳೆದುಕೊಳ್ಳುತ್ತದೆ. ಮರಿಗೆ ಕೆಲವು ನಿಮಿಷ, ದೊಡ್ಡದಕ್ಕೆ ಹಲವು ಗಂಟೆ. ನಡುವೆ ಕೈ ಹಾಕಿದರೆ ಕಾಲು ಹೋಯಿತು ಅಂತಲೇ ತಿಳಿಯಿರಿ. ಹೋದ ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ ಅನ್ನುವುದೊಂದೇ ಸಮಾಧಾನ.

ಹೊರಬಂದಾಗ ಕೋರೆಹಲ್ಲು ಬೆಳ್ಳಗಿರುತ್ತದೆ. ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವ ತನಕ ಊಟ ಕೊಡಬೇಡಿ. ದೊಡ್ಡದಾದರೆ ಹತ್ತು ಹದಿನೈದು ದಿನ ಕಾಯಿರಿ. ಅಡುಗೆಮನೆಯಲ್ಲಿ ಹಿಡಿದ ಜಿರಳೆ ಹಾಕಬೇಡಿ, ಅದು ಎಲ್ಲಿ ಯಾವ ಸ್ಪ್ರೇ ತಿಂದು ಬಂದಿದೆಯೋ.

ಕಳಚಿದ ಪೊರೆಯನ್ನು ಚಿಮಟದಿಂದಲೇ ತೆಗೆಯಿರಿ, ಅದರ ಕೂದಲೂ ತುರಿಕೆ ಹತ್ತಿಸುತ್ತದೆ. ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ಜೇಡ ಗಂಡೋ ಹೆಣ್ಣೋ ಎಂದು ಈ ಪೊರೆಯಿಂದಲೇ ತಿಳಿಯಬಹುದು. ಒಣಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ ನೆನೆಸಿ, ಹೊಟ್ಟೆಯ ಭಾಗವನ್ನು ಮೆಲ್ಲಗೆ ಬಿಡಿಸಿ. ಒಳಬದಿಯಲ್ಲಿ, ಜೇಡ ಉಸಿರಾಡುವ ಅಂಗಗಳಾದ ಶ್ವಾಸಪುಟಗಳಲ್ಲಿ ಮುಂದಿನ ಎರಡರ ನಡುವೆ ಪುಟ್ಟ ಚೀಲ ಅಥವಾ ಮಡಿಕೆ ಕಂಡರೆ ನಿಮ್ಮದು ಹೆಣ್ಣು. ತೀರಾ ಚಿಕ್ಕ ಮರಿಯ ಪೊರೆಯಲ್ಲಿ ಕಾಣದು, ಇನ್ನೆರಡು ಮೂರು ಪೊರೆ ಆದ ಮೇಲೆ ಭೂತಗನ್ನಡಿ ಹಿಡಿದು ನೋಡಿ.