ಡೊಂಬಿವ್ಲಿ ಬಾಲ್ಕನಿಲಿ ಬಸಳೆ, ಗ್ರಿಲ್‌ನಲ್ಲಿ ಸೋರೆ

ನಾನು ಶುರು ಮಾಡಿದ್ದು ಟೊಮೆಟೊದಿಂದ, ಅದೇ ಮೊದಲ್ನೇ ತಪ್ಪು. ನಮ್ದು ಮುಂಬೈ ಹತ್ರದ ಡೊಂಬಿವ್ಲಿಲಿ 4ನೇ ಮಾಳಿಗೆ, ಬಾಲ್ಕನಿ ಪೂರ್ವಕ್ಕೆ, ಎದುರಿಗೇ ಇನ್ನೊಂದು ಬಿಲ್ಡಿಂಗು, ಬಿಸಿಲು ಅಂದ್ರೆ ಬೆಳಿಗ್ಗೆ 8ರಿಂದ ಹನ್ನೊಂದೂವರೆ ತನಕ ಅಷ್ಟೆ. ಟೊಮೆಟೊಗೆ ದಿನಕ್ಕೆ 6 ತಾಸಾದ್ರೂ ನೇರ ಬಿಸಿಲು ಬೇಕಂತೆ, ನನಗೆಲ್ಲಿ ಗೊತ್ತು, ಗಿಡ ನನ್ನೆತ್ತರ ಬಂತು, ಕಾಯಿ ಬಿಟ್ಟಿದ್ದು ಮೂರು. ಆಮೇಲೆ ಸೊಪ್ಪಿಗೆ ಇಳಿದೆ. ಅದಕ್ಕೆ 3-4 ತಾಸು ಬಿಸಿಲಿದ್ರೂ ನಡೆಯತ್ತೆ. ಮೆಂತ್ಯಕ್ಕೆ ಬೀಜ ಕೊಳ್ಳೋದೇ ಬೇಡ, ಸಾಸಿವೆ ಡಬ್ಬಿ ಪಕ್ಕದ ಡಬ್ಬಿದೇ ಕಾಳು, ರಾತ್ರಿ ನೆನೆಹಾಕಿ 6 ಇಂಚು ಆಳದ ಟ್ರೇಲಿ ಉದುರಿಸಿದ್ರೆ ಒಂದು ತಿಂಗಳೊಳಗೆ ಪಲ್ಯಕ್ಕೆ ಬರತ್ತೆ. ಬಸಳೆ ಮುಂಬೈನ ಮಾಟುಂಗಾ ಮಾರ್ಕೆಟ್‌ನಿಂದ ತಂದ ಕಟ್ಟಿಂದು, ಸೊಪ್ಪು ಬಿಡಿಸ್ಕೊಂಡು ದಪ್ಪ ದಂಟು ಎರಡು ಪೇಂಟ್ ಬಕೆಟ್‌ಗೆ ಊರಿದ್ದೆ, ಈಗ ರೇಲಿಂಗ್ ಪೂರ್ತಿ ಅದ್ರದ್ದೇ.

ಮಣ್ಣಿಗೆ ನರ್ಸರಿಯ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಮೂರೂ ಸಮಸಮ, ಬಕೆಟ್‌ಗೆ ಒಂದು ಮುಷ್ಟಿ ಬೇವಿನ ಹಿಂಡಿ. ಅಮ್ಮ ಊರಿಂದ ಫೋನಲ್ಲಿ "ಬಸಳೆಗೆ ಇಷ್ಟೆಲ್ಲ ಯಾಕೆ ಮಗಾ, ಒಲೆ ಬೂದಿ ಹಾಕು" ಅಂತಾಳೆ. ಗ್ಯಾಸ್ ಒಲೆಯಿಂದ ಬೂದಿ ಎಲ್ಲಿಂದ ತರ್ಲಿ!

ಗೊಬ್ಬರದ್ದೇ ನಿಜವಾದ ಕೆಲಸ, ಉಳಿದದ್ದೆಲ್ಲ ಅದ್ರ ಹಿಂದೆ ತಾನಾಗೇ ಬರತ್ತೆ. ತಳದಲ್ಲಿ, ಸುತ್ತಲೂ ತೂತು ಹೊಡೆದ ಡ್ರಮ್‌ಗೆ ಮೊದಲು ಬರೀ ತರಕಾರಿ ಸಿಪ್ಪೆ ತುಂಬಿಸಿದ್ದೆ, ವಾರಕ್ಕೇ ನಾತ, ಹೆಂಡತಿ ಬಾಲ್ಕನಿ ಬಾಗ್ಲು ಹಾಕಿ ಚಿಲಕ ಜಡಿದಳು. ಹಸಿ ಒಂದು ಪಾಲು ಹಾಕಿದ್ರೆ ಒಣದ್ದು ಎರಡು ಪಾಲು ಹಾಕ್ಬೇಕು ಅಂತ ಆಗ ಗೊತ್ತಾಗಿದ್ದು. ಒಣ ಎಲೆ ಫ್ಲ್ಯಾಟಿಗೆ ಎಲ್ಲಿಂದ ಬರ್ಬೇಕು, ಸ್ಟೇಷನ್ ಹತ್ರದ ರಸವಂತಿಯವ್ನ, ಅಂದ್ರೆ ಕಬ್ಬಿನ ಹಾಲಿನ ಅಂಗಡಿಯವ್ನ ಹತ್ರ ಕಬ್ಬಿನ ಸಿಪ್ಪೆ ಕೇಳಿದೆ, ಅವ್ನಿಗೂ ಎಸೆಯೋ ತಾಪತ್ರಯ ತಪ್ತು, ಚೀಲಗಟ್ಲೆ ಕೊಟ್ಟ, ಒಣಗಿಸಿ ಕತ್ತರಿಸಿ ಹಾಕಿದ್ಮೇಲೆ ನಾತ ನಿಂತೇ ಹೋಯ್ತು. ಒಂದಿನ ಮುಚ್ಚಳ ತೆಗೆದ್ರೆ ಒಳಗೆಲ್ಲ ಅಕ್ಕಿಗಿಂತ ದಪ್ಪ, ಕಂದು ಬಣ್ಣದ ಹುಳ, ಚರಚರ ಸದ್ದು ಬೇರೆ, ನಮ್ಮತ್ತೆ ಅಂತೂ ಕಿರುಚೇಬಿಟ್ರು. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿಗಳು ಅವು, ಕಚ್ಚೋದಿಲ್ಲ, ಗಿಡದ ತಂಟೆಗೂ ಬರೋದಿಲ್ಲ, ಕಸ ಮಾತ್ರ ಬೇಗ ತಿಂದು ಮುಗಿಸ್ತವೆ. ಅತ್ತೆಗೆ ಇವತ್ತಿಗೂ ನಂಬಿಕೆ ಇಲ್ಲ, ಆ ಕಡೆ ಹೋಗೋದೇ ಇಲ್ಲ.

ಜೂನ್‌ನಲ್ಲಿ ಮಳೆ ಹಿಡಿದಾಗ ಕೆಳಗಿನ ಮನೆ ಕಾಕು (ಮರಾಠಿಲಿ ಚಿಕ್ಕಮ್ಮ) ಮೇಲೆ ಬಂದ್ರು, ಅವ್ರ ಸೀಲಿಂಗ್ ತೇವ ಆಗಿತ್ತು. ಜಗಳ ಆಗತ್ತೆ ಅಂದ್ಕೊಂಡಿದ್ದೆ, ತಪ್ಪು ನಂದೇ, ಬಕೆಟ್ ಎಲ್ಲ ನೇರ ಟೈಲ್ಸ್ ಮೇಲಿಟ್ಟಿದ್ದೆ. ಕಬ್ಬಿಣದ ಸ್ಟ್ಯಾಂಡ್ ಮಾಡ್ಸಿ, ಬಕೆಟ್ ಕೆಳಗೆ ತಟ್ಟೆ ಕೊಟ್ಟು, ನೀರು ಹೋಗೋ ತೂತಿನ ಕಸ ದಿನಾ ತೆಗೀತೀನಿ ಈಗ. ಸ್ಟ್ಯಾಂಡ್ ಆದ್ಮೇಲೆ ನೋಡೋಕೆ ಬಂದ ಕಾಕು ಬಸಳೆ ನೋಡಿ "ಅರೇ, ಮಾಯಾಳು!" (ಮರಾಠಿಲಿ ಬಸಳೆಗೆ ಹಾಗಂತಾರೆ) ಅಂತ ಎರಡು ಹಿಡಿ ಕಿತ್ಕೊಂಡು ಹೋಗಿ ಬಜ್ಜಿ ಮಾಡಿ ಕಳ್ಸಿದ್ರು. ಸೀಲಿಂಗ್ ಮಾತು ಮತ್ತೆ ಬಂದಿಲ್ಲ.

ಹಿಟ್ಟುತಿಗಣೆ (ಗಿಡಕ್ಕೆ ಬಿಳಿ ಹಿಟ್ಟಿನ ಥರ ಅಂಟ್ಕೊಳ್ಳೋ ಹುಳ) ಬಂದಾಗ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಬೆರೆಯೋಕೆ ಅಂಟುವಾಳದ ನೊರೆ, ಸಂಜೆ ಹೊತ್ತು ಎಲೆ ಅಡಿಗೆ ಸ್ಪ್ರೇ, ವಾರಕ್ಕೊಮ್ಮೆ. ಅಷ್ಟೇ.

ಸೋರೆ ಮಾತ್ರ ಬಹಳ ಸತಾಯಿಸ್ತು. ಬೆಡ್‌ರೂಮಿನ ಗ್ರಿಲ್ ಪಶ್ಚಿಮಕ್ಕೆ, ಬಿಸಿಲು ಧಾರಾಳ, ಬಳ್ಳಿ ಜೋರು, ಆದ್ರೆ ಹೆಬ್ಬೆಟ್ಟಿನಷ್ಟು ಮಿಡಿ ಹಳದಿಯಾಗಿ ಉದುರೋದು. ನೀರು ಹೆಚ್ಚಾಯ್ತೇನೋ ಅಂದ್ಕೊಂಡೆ, ಗೊಬ್ಬರ ಹಾಕಿದೆ, ಊಹೂಂ. ಸೋರೆ ಹೂ ಅರಳೋದು ಸಂಜೆ, ಪರಾಗ ಮುಟ್ಟಿಸೋಕೆ ಪತಂಗ ಬರ್ಬೇಕು, ನಮ್ಮಲ್ಲಿ ಅವು ಕಾಣ್ಲೇ ಇಲ್ಲ. ಹೂವಿನ ಹಿಂದೆ ಪುಟ್ಟ ಸೋರೆಕಾಯಿ ಇದ್ರೆ ಹೆಣ್ಣು, ಬರೀ ಉದ್ದ ತೊಟ್ಟಿದ್ರೆ ಗಂಡು. ಆಫೀಸಿಂದ ಏಳಕ್ಕೆ ಬಂದು ಬೂಟು ಬಿಚ್ಚೋಕೆ ಮುಂಚೆ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದೆ. ನಾಲ್ಕು ದಿನಕ್ಕೆ ಮಿಡಿ ತಲೆಬಗ್ಗಿಸಿ ದಪ್ಪ ಆಗೋಕೆ ಶುರು. ಈ ಸಲ ನಾಲ್ಕು ಕಾಯಿ ಇದೆ, ಅದ್ರಲ್ಲೊಂದು ಗ್ರಿಲ್‌ನ ಎರಡು ಸರಳಿನ ಮಧ್ಯ ಸಿಕ್ಕಿಕೊಂಡೇ ಬೆಳೆದುಬಿಟ್ಟಿದೆ, ಸೊಂಟ ಸಣ್ಣ, ಮೇಲೆ ಕೆಳಗೆ ದಪ್ಪ, ಭಾನುವಾರ ಅದನ್ನ ಅಲ್ಲೇ ಎರಡು ತುಂಡು ಮಾಡಿ ಒಳಗೆ ತಗೋಬೇಕು.