ಕುಮಾರ ಪರ್ವತಕ್ಕೆ ಚಳಿಗಾಲದಲ್ಲಿ: ಹತ್ತುವ ಮೊದಲು ಇಳಿಯುವ ಕಡೆ ನೋಡಿ

ನವೆಂಬರ್ ಬಂತು ಅಂದ್ರೆ ನಮ್ಮ ಆಫೀಸಿನ ಕಾಫಿ ಮೆಷಿನ್ ಹತ್ತಿರ ಒಂದೇ ಮಾತು, ಕುಮಾರ ಪರ್ವತ ಯಾವಾಗ? ಎಲ್ಲರೂ ಶೂ ಬಗ್ಗೆ ಕೇಳುತ್ತಾರೆ, ಜಾಕೆಟ್ ಬಗ್ಗೆ ಕೇಳುತ್ತಾರೆ. ಹತ್ತಲು ಶುರು ಮಾಡುವ ಜಾಗಕ್ಕೆ ಎಷ್ಟು ಹೊತ್ತಿಗೆ ತಲುಪುತ್ತೀರಿ, ಇಳಿದ ಮೇಲೆ ವಾಪಸ್ ಹೇಗೆ ಬರುತ್ತೀರಿ ಅಂದರೆ ಮಾತ್ರ ‘ಅದೆಲ್ಲ ಅಲ್ಲೇ ನೋಡ್ಕೊಳ್ಳೋಣ ಬಿಡಿ’. ಹಾಗೆ ಅಲ್ಲೇ ನೋಡಿಕೊಳ್ಳೋಕೆ ಹೋಗಿ ನಾನು ಒಂದು ಸಲ ಕುಕ್ಕೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ರಾತ್ರಿ ಕಳೆದಿದ್ದೇನೆ. ಆ ಕಥೆ ಆಮೇಲೆ.

ಮೊದಲು ಬೆಟ್ಟ. ಎತ್ತರ 1712 ಮೀಟರ್, ಪುಷ್ಪಗಿರಿ ವನ್ಯಜೀವಿ ಧಾಮದ ಒಳಗೆ, ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯಲ್ಲಿದೆ. ಇದಕ್ಕೆ ಎರಡು ಬಾಗಿಲು. ಒಂದು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ, ದೇವರಗದ್ದೆ ಹತ್ತಿರ ಶುರುವಾಗುತ್ತದೆ. ತುದಿಗೆ ಸುಮಾರು 13 ಕಿಲೋಮೀಟರ್, 1500 ಮೀಟರಿಗೂ ಜಾಸ್ತಿ ಏರಿಕೆ. ಇನ್ನೊಂದು ಸೋಮವಾರಪೇಟೆ ಕಡೆಯಿಂದ, ಶಾಂತಳ್ಳಿ ದಾಟಿ ಬೀದಳ್ಳಿ, ಹೆಗ್ಗಡಮನೆ ದಾರಿ. ಅಲ್ಲಿಂದ ಸುಮಾರು 7 ಕಿಲೋಮೀಟರ್, ಏರಿಕೆಯೂ ಹೆಚ್ಚುಕಡಿಮೆ ಅರ್ಧ, ಯಾಕೆಂದರೆ ನೀವು ಶುರು ಮಾಡುವುದೇ ಘಟ್ಟದ ಮೇಲಿನಿಂದ.

ಬಸ್ ಟಿಕೆಟ್ ತೆಗೆಯುವ ಮೊದಲು ಪರ್ಮಿಟ್ ತೆಗೆಯಿರಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಜಾತ್ರೆಯ ಹಾಗೆ ಜನ ನಿಂತಿದ್ದ ಫೋಟೋ ಎಲ್ಲರ ಫೋನಿಗೂ ಬಂದಿತ್ತಲ್ಲ, ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕ್ ಮಾಡಬೇಕು, ದಿನಕ್ಕೆ ಇಂತಿಷ್ಟೇ ಜನ. ಯಾವ ಕಡೆಯಿಂದ ಹತ್ತಿ ಯಾವ ಕಡೆ ಇಳಿಯುತ್ತೀರಿ ಅನ್ನುವುದನ್ನು ಎರಡು ಸಲ ನೋಡಿ ಆಮೇಲೆ ದುಡ್ಡು ಕಟ್ಟಿ. ರಾತ್ರಿ ಉಳಿಯುವ ಯೋಚನೆ ಇದ್ದರೆ ಆ ಸೀಸನ್ನಿನ ನಿಯಮ ಏನು ಅಂತ ಅಲ್ಲೇ ಓದಿಕೊಳ್ಳಿ, ಹೋದ ವರ್ಷ ಹೋಗಿ ಬಂದ ಗೆಳೆಯನ ಮಾತು ಈ ವರ್ಷಕ್ಕೆ ಆಗುವುದಿಲ್ಲ. ಪರ್ಮಿಟ್ ಸಿಗಲಿಲ್ಲವಾ, ಆ ವಾರ ಬೇಡ. ಚೆಕ್‌ಪೋಸ್ಟಿನಲ್ಲಿ ‘ಸಾರ್, ಬೆಂಗಳೂರಿಂದ ಬಂದಿದೀವಿ ಸಾರ್’ ಅನ್ನುವುದು ನಡೆಯುವುದಿಲ್ಲ, ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನವರೇ.

ದಿನ ಆರಿಸುವಾಗ ಪಂಚಾಂಗವನ್ನೂ ನೋಡಿ. ತಮಾಷೆ ಅಲ್ಲ. ಮಾರ್ಗಶಿರ ಶುದ್ಧ ಷಷ್ಠಿಗೆ, ಅಂದರೆ ಚಂಪಾಷಷ್ಠಿಗೆ, ಕುಕ್ಕೆಯಲ್ಲಿ ರಥೋತ್ಸವ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಬರುತ್ತದೆ. ಆ ವಾರ ರೂಮೂ ಇಲ್ಲ, ಬಸ್ಸಿನಲ್ಲಿ ಸೀಟೂ ಇಲ್ಲ. ಕ್ರಿಸ್‌ಮಸ್ ರಜೆ, ಸಂಕ್ರಾಂತಿ, ಜನವರಿ 26ರ ಲಾಂಗ್ ವೀಕೆಂಡ್ ಕೂಡ ಬೇಡ. ವಾರದ ಮಧ್ಯೆ ಒಂದು ದಿನ ರಜೆ ಹಾಕಿದರೆ ಆ ರಜೆ ವೇಸ್ಟ್ ಅಲ್ಲ.

ಕುಕ್ಕೆ ತಲುಪುವುದು ಸುಲಭ. ಮೆಜೆಸ್ಟಿಕ್‌ನಿಂದ ರಾತ್ರಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿದರೆ ಬೆಳಗಿನ ಜಾವ ಕುಕ್ಕೆ. ಬಸ್ ಸ್ಟ್ಯಾಂಡಿನಿಂದ ದೇವರಗದ್ದೆ ಕಡೆ ನಡೆದೇ ಹೋಗಬಹುದು. ರೈಲಾದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್. ಹೆಸರು ನೋಡಿ ಮೋಸ ಹೋಗಬೇಡಿ, ಅದು ಇರುವುದು ನೆಟ್ಟಣದಲ್ಲಿ, ಕುಕ್ಕೆಗೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ಹೊರಗೆ ಜೀಪು, ಆಟೋ ಸಿಗುತ್ತವೆ, ಆದರೆ ಅದಕ್ಕೂ ಅರ್ಧ ಗಂಟೆ ಎತ್ತಿಡಿ. (ಸಕಲೇಶಪುರದಿಂದ ಕೆಳಗೆ ಆ ಹಳಿಯಲ್ಲಿ 57 ಸುರಂಗ ಇವೆ. ರಾತ್ರಿ ರೈಲಿನಲ್ಲಿ ಒಂದೂ ಕಾಣುವುದಿಲ್ಲ, ಹೊಟ್ಟೆ ಉರಿಯುತ್ತದೆ.)

ಬೀದಳ್ಳಿ ಕಡೆಗೆ ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಮೈಸೂರು, ಕುಶಾಲನಗರ ಮೇಲೆ ಸೋಮವಾರಪೇಟೆ ಸೇರಬಹುದು, ಚನ್ನರಾಯಪಟ್ಟಣ, ಹೊಳೆನರಸೀಪುರದ ಮೇಲೂ ಬರಬಹುದು. ಬಸ್ಸಿನಲ್ಲಿ ಬಂದರೆ ಸೋಮವಾರಪೇಟೆಯಲ್ಲಿ ಇಳಿದು ಲೋಕಲ್ ಬಸ್ಸು ಇಲ್ಲವೇ ಜೀಪು. ಬಸ್ಸಾದರೆ ವಾಪಸ್ ಬರುವ ಕೊನೆಯ ಬಸ್ ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಬಿಡಿ. ಇನ್ನೊಂದು ವಿಷಯ, ಮ್ಯಾಪಿನಲ್ಲಿ ಬೆಟ್ಟದ ಹೆಸರು ಹಾಕಿ ಗಾಡಿ ಓಡಿಸಬೇಡಿ. ಅದಕ್ಕೆ ತುದಿ ಗೊತ್ತು, ಬಾಗಿಲು ಗೊತ್ತಿಲ್ಲ. ಊರಿನ ಹೆಸರು ಹಾಕಿ, ಊರಿಗೆ ಬಂದ ಮೇಲೆ ಯಾರನ್ನಾದರೂ ಕೇಳಿ.

ಈಗ ಟೈಮಿನ ಲೆಕ್ಕ, ಇಲ್ಲೇ ಎಲ್ಲರೂ ಎಡವುವುದು. ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನವನೊಬ್ಬ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಕ್ಕೆ ಕಡೆಗೆ ಇದನ್ನು ಹಾಕಿ. ದೂರಕ್ಕೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ಏರಿಕೆಗೆ ಎರಡೂವರೆ, ಒಟ್ಟು ಐದು ಚಿಲ್ಲರೆ. ಆದರೆ ಅದು ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ, ವಾರವಿಡೀ ಕುರ್ಚಿಯಲ್ಲಿ ಕೂತು ಔಟರ್ ರಿಂಗ್ ರೋಡಿನಲ್ಲಿ ಬ್ರೇಕ್ ಒತ್ತುವ ನಮ್ಮಂಥವರು ಅದಕ್ಕೆ ಇನ್ನರ್ಧ ಸೇರಿಸಬೇಕು. ಏಳೂವರೆ ಗಂಟೆ ಆಯಿತು. ಇಳಿಯಲು ಐದು. ಹನ್ನೆರಡೂವರೆ ಗಂಟೆ! ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಕಿರುವುದೇ ಹನ್ನೊಂದೂ ಚಿಲ್ಲರೆ ಗಂಟೆ. ಕತ್ತಲಲ್ಲೇ ಶುರು ಮಾಡೋಣ ಅಂದರೆ ಅದು ಆನೆ ಓಡಾಡುವ ಕಾಡು, ಬೇಡ. ಹಾಗಾಗಿ ಕುಕ್ಕೆಯಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಮೊದಲ ಸಲದವರಿಗೆ ಬೇಡ ಅಂತಲೇ ನನ್ನ ಮಾತು. ಅವರು ಬೀದಳ್ಳಿ ಕಡೆಯಿಂದ ಹತ್ತಿ ಅಲ್ಲೇ ಇಳಿಯಲಿ, ಹತ್ತಲು ನಾಲ್ಕು, ಇಳಿಯಲು ಮೂರು, ಮೇಲೆ ಕೂತು ಬುತ್ತಿ ಬಿಚ್ಚಲೂ ಟೈಮ್ ಇರುತ್ತದೆ.

ಕುಕ್ಕೆ ದಾರಿಯನ್ನೇ ಹಿಡಿಯುವವರಿಗೆ: ಮೊದಲ ಭಾಗ ದಟ್ಟ ಕಾಡು, ಭೀಮನ ಕಲ್ಲು ದಾಟಿ ಕಾಡು ಮುಗಿದರೆ ಭಟ್ಟರ ಮನೆ. ಅಲ್ಲಿಯ ಅನ್ನ, ಸಾಂಬಾರು, ಮಜ್ಜಿಗೆ ಬಗ್ಗೆ ಕೇಳದವರು ಯಾರಿದ್ದಾರೆ. ಅಲ್ಲಿಂದ ಮುಂದೆ ಗಿರಿಗದ್ದೆ ಚೆಕ್‌ಪೋಸ್ಟ್. ತಡವಾಗಿ ಬಂದವರನ್ನು ಮೇಲಕ್ಕೆ ಬಿಡುವುದಿಲ್ಲ. ಆಮೇಲೆ ಬರೀ ಹುಲ್ಲುಗಾವಲು. ಚಳಿಗಾಲ ಅಂತ ನೀವು ತಂದ ಸ್ವೆಟರ್ ಇಲ್ಲಿ ಭಾರ ಅಷ್ಟೇ, ಹತ್ತು ಗಂಟೆಯ ಮೇಲೆ ಬೆನ್ನು ಸುಡುತ್ತದೆ, ನೆರಳು ಅಂದರೆ ಕಲ್ಲು ಮಂಟಪ ಒಂದೇ. ಅಲ್ಲಿ ಹತ್ತಿರ ನೀರು ಸಿಗುತ್ತದೆ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ, ಕೆಳಗಿನಿಂದಲೇ ತಲೆಗೆ ಮೂರು ಲೀಟರ್ ಹೊತ್ತುಕೊಳ್ಳಿ. ಶೇಷ ಪರ್ವತ ಹತ್ತಿದಾಗ ಮುಗಿಯಿತು ಅನ್ನಿಸುತ್ತದೆ. ಮುಗಿದಿಲ್ಲ. ಒಮ್ಮೆ ಕಾಡಿನೊಳಗೆ ಇಳಿದು ಬಂಡೆ ಹತ್ತಬೇಕು. ಹುಲ್ಲು ಒಣಗಿರುತ್ತದೆ, ಬೆಂಕಿಕಡ್ಡಿ, ಸಿಗರೇಟು ಮನೆಯಲ್ಲೇ ಇರಲಿ. ದಾರಿಯುದ್ದಕ್ಕೂ ನೆಟ್‌ವರ್ಕ್ ನಂಬುವ ಹಾಗಿಲ್ಲ, ಮ್ಯಾಪ್ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಿ.

ಈಗ ಬೆಂಚಿನ ಕಥೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದೇ ಈ ಬೆಟ್ಟದ ನಿಜವಾದ ಮಜಾ ಅಂತ ಯಾರೋ ಹೇಳಿದ್ದರು. ಹೇಳಿದ್ದು ಸರಿ. ನಾವು ಐದು ಜನ, ಒಂದು ಕಾರು. ಬೀದಳ್ಳಿಯಲ್ಲಿ ಒಬ್ಬರ ಅಂಗಳದಲ್ಲಿ ಕೇಳಿ ಕಾರು ನಿಲ್ಲಿಸಿ, ಹತ್ತಿ, ಕುಕ್ಕೆಗೆ ಇಳಿದೆವು. ಇಳಿಯುವಾಗ ಕತ್ತಲು. ಟೀ ಕುಡಿಯಲು ಜೇಬಿಗೆ ಕೈ ಹಾಕಿದರೆ ಚಿಲ್ಲರೆ ಬದಲು ಕಾರಿನ ಕೀ ಬಂತು. ಕೀ ಇಲ್ಲಿ, ಕಾರು ಬೆಟ್ಟದ ಆಚೆ! ನೇರ ಹಾರಿದರೆ ಎಷ್ಟೋ ಹತ್ತಿರ, ರಸ್ತೆಯಲ್ಲಿ ಮಾತ್ರ ಬಿಸಿಲೆ ಘಾಟ್ ಹತ್ತಿ ಇಡೀ ಬೆಟ್ಟ ಸುತ್ತಬೇಕು. ಜೀಪಿನವರು ‘ರಾತ್ರಿ ಆನೆ ಇರ್ತವೆ, ಬೆಳಗ್ಗೆ ನೋಡುವ ಮಾರಾಯ್ರೆ’ ಅಂದರು. ಅವರದೇನೂ ತಪ್ಪಿಲ್ಲ.

ಹಾಗಾಗಿ ದಾಟುವ ಪ್ಲಾನ್ ಇದ್ದರೆ ಕಾರು ಬೇಡವೇ ಬೇಡ. ಸೋಮವಾರಪೇಟೆಗೆ ಬಸ್ಸಿನಲ್ಲಿ ಹೋಗಿ, ಬೀದಳ್ಳಿಯಿಂದ ಹತ್ತಿ, ಕುಕ್ಕೆಗೆ ಇಳಿದು ಅಲ್ಲಿಂದ ರಾತ್ರಿ ಬಸ್. ಆದರೆ ಈ ದಾರಿಗೂ ಮೊದಲ ಬೆಳಕಿಗೇ ಹೊರಡಬೇಕು, ಮಧ್ಯಾಹ್ನ ಹನ್ನೆರಡಾದರೂ ತುದಿ ಮುಟ್ಟದಿದ್ದರೆ ಬಂದ ದಾರಿಯಲ್ಲೇ ವಾಪಸ್, ವಾದ ಬೇಡ. ಎರಡು ಗುಂಪು, ಎರಡು ಕಾರು ಇದ್ದರೆ ಇನ್ನೊಂದು ಉಪಾಯ ಇದೆ: ಒಬ್ಬರು ಆ ಕಡೆಯಿಂದ, ಒಬ್ಬರು ಈ ಕಡೆಯಿಂದ ಹತ್ತಿ ತುದಿಯಲ್ಲಿ ಕೀ ಬದಲಾಯಿಸಿಕೊಳ್ಳುವುದು. ಒಂದು ಗುಂಪು ಅರ್ಧದಲ್ಲೇ ವಾಪಸಾದರೆ ಏನು ಮಾಡುವುದು ಅನ್ನುವುದನ್ನು ಮಾತ್ರ ಬೆಂಗಳೂರಿನಲ್ಲೇ ಮಾತಾಡಿಕೊಳ್ಳಿ.

ವಾಪಸ್ ಟಿಕೆಟನ್ನು ನೀವು ಅಂದುಕೊಂಡ ಟೈಮಿಗಿಂತ ಮೂರು ಗಂಟೆ ತಡವಾದ ಬಸ್ಸಿಗೆ ಮಾಡಿಸಿ. ಅಷ್ಟು ಇಳಿದ ಮೇಲೆ ಮಂಡಿ ಮಡಚಲು ಆಗುವುದಿಲ್ಲ, ಹಾಗಾಗಿ ಕಿಟಕಿ ಪಕ್ಕದ ಸೀಟಿಗೆ ಆಸೆ ಪಡಬೇಡಿ, ನಡುದಾರಿ ಪಕ್ಕದ್ದು ತೆಗೆದುಕೊಳ್ಳಿ, ಒಂದು ಕಾಲನ್ನಾದರೂ ಚಾಚಬಹುದು.